ಅಪಘಾತದ ಕಿರ್ದಿ ಬರೆಯುವವರು ಯಾರು?

(ಭದ್ರಾವತಿಯ ನ್ಯೂ ಟೌನಿನಲ್ಲಿ ಕಾರ್ಖಾನೆ ಕೆಲಸಗಾರರೂ ಅಂಗಡಿಕಾರರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನನಗೆ ಕೊಟ್ಟಿರುವ ವಿಷಯ ಕಂಪ್ಯೂಟರೂ ಕಾರ್ಖಾನೆಯ ಸುರಕ್ಷತೆಯೂ ಎಂಬುದು. ವಿಶ್ವಾಸವಿಟ್ಟು ಕೊಟ್ಟರೋ, ಮೇಷ್ಟ್ರು ಹೇಗೆ ತಿಣುಕುತ್ತಾರೆ ನೋಡೋಣವೆಂದು ಕೊಟ್ಟರೋ ಕಾಣೆ. ನಾನು ಓದಿರುವುದು ಮೆಟ್ರಿಕ್ ವರೆಗೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಏನಿದೆಯೆಂದು ದಯವಿಟ್ಟು ನನ್ನನ್ನು ಕೇಳಬೇಡಿ. ಆದರೆ ಪಕ್ಷದ ಕೆಲಸಕ್ಕೆ ಬರುವ ಮೊದಲು ನಾಲ್ಕಾರು ವರ್ಷ ಒಂದು ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದವನು ನಾನು. ಅಂಕಿ ಎಂಬುದು ಪುಸ್ತಕಕ್ಕೆ ಹೇಗೆ ಬರುತ್ತದೆ, ಯಾರಿಗೆ ಹೆದರಿ ಬರುತ್ತದೆ ಎಂಬುದನ್ನು ಆ ಕೆಲಸದಲ್ಲಿ ಕಲಿತೆ. ತಪಾಸಣೆಯ ತಿಂಗಳು ಬಂತೆಂದರೆ ನಮ್ಮ ಪುಸ್ತಕದಲ್ಲಿ ಮಕ್ಕಳು ತುಂಬಿ ತುಳುಕುತ್ತಿದ್ದರು, ಬೆಂಚಿನ ಮೇಲೆ ಮಾತ್ರ ಇರುತ್ತಿರಲಿಲ್ಲ. ಆ ಸುಳ್ಳು ಹಾಜರಿಗೆ ಕೆಂಪು ಮಸಿಯಲ್ಲಿ ಮೊತ್ತ ಹಾಕಿದ ಕೈ ಇದೇ. ಮೊತ್ತ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ.

ಈ ಅನುಭವದ ಬಲದ ಮೇಲೆ ನಾಲ್ಕು ಮಾತು ಹೇಳುತ್ತೇನೆ.

ಈಗ ದೊಡ್ಡ ಕಾರ್ಖಾನೆಗಳಲ್ಲಿ ಸುರಕ್ಷತೆಯ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗುತ್ತಿದೆ. ಅಪಾಯದ ಜಾಗಕ್ಕೆ ಇಳಿಯುವ ಮೊದಲು ಪಡೆಯಬೇಕಾದ ಪರ್ಮಿಟ್ಟು ಕಾಗದದ ಬದಲು ಪರದೆಯ ಮೇಲೆ ಬರುತ್ತದೆ. ಗ್ಯಾಸಿನ ಮಾಪಕ ತಾನೇ ಅಳೆದು ಕಂಟ್ರೋಲ್ ರೂಮಿಗೆ ಸುದ್ದಿ ಕಳಿಸುತ್ತದೆ. ಕಂಬಿ ಸಡಿಲವಾಗಿದ್ದರೆ ಮೊಬೈಲಿನಲ್ಲಿ ಅದರ ಫೋಟೋ ಹಿಡಿದು ಕಳಿಸಿ ಎನ್ನುತ್ತಾರೆ. ತಲೆಯ ಮೇಲೆ ಹೆಲ್ಮೆಟ್ ಇದೆಯೋ ಇಲ್ಲವೋ ಎಂದು ನೋಡುವ ಕ್ಯಾಮರಾಗಳೂ ಬಂದಿವೆ. ಇವೆಲ್ಲದರ ಅಂಕಿಗಳನ್ನು ಒಟ್ಟುಗೂಡಿಸಿ ಎಲ್ಲಿ ಮುಂದೆ ಅಪಾಯವಾದೀತೆಂದು ಮೊದಲೇ ಹೇಳುವುದು ಈ ಏರ್ಪಾಡಿನ ಉದ್ದೇಶ.

ಇದು ಕೆಟ್ಟದ್ದೇ? ಅಲ್ಲ. ಯಂತ್ರವನ್ನು ಕಂಡೊಡನೆ ಕಲ್ಲು ಹೊಡೆಯಿರಿ ಎಂದು ಹೇಳಲು ನಾನು ಬಂದಿಲ್ಲ. ಈ ಊರಿನ ಹಳೆಯ ಹೆಸರೇ ಬೆಂಕಿಪುರ. 1923ರ ಜನವರಿಯಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅಂದಿನಿಂದ ಊದುಕುಲುಮೆಯ ಗ್ಯಾಸ್ ಎಂದರೇನೆಂದು ನಿಮ್ಮ ತಂದೆ, ಅಜ್ಜಂದಿರಿಗೆ ಗೊತ್ತಿತ್ತು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನಿಗೆ ತಲೆ ತಿರುಗಿ ಗೊತ್ತಾಗುವ ಹೊತ್ತಿಗೆ ಕಾಲು ಏಳುವುದಿಲ್ಲ. 2014ರ ಜೂನ್ 12ರಂದು ಭಿಲಾಯಿ ಉಕ್ಕಿನ ಕಾರ್ಖಾನೆಯ ನೀರಿನ ಪಂಪ್ ಹೌಸಿಗೆ ಈ ಗ್ಯಾಸ್ ನುಗ್ಗಿ ಆರು ಜನ ಸತ್ತರು. ಸತ್ತವರಲ್ಲಿ ಇಬ್ಬರು ದೊಡ್ಡ ಅಧಿಕಾರಿಗಳು. ಗ್ಯಾಸಿಗೆ ಮೇಲು ಕೀಳು ಗೊತ್ತಿಲ್ಲವಷ್ಟೆ. ಇಂಥ ಕಡೆ ಮೂಗು ಕೆಲಸಕ್ಕೆ ಬಾರದು. ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ ಮಾಪಕವೇ ಜೀವ ಉಳಿಸಬೇಕು. ಅದು ಕೂಗಿದ ಗಳಿಗೆಯನ್ನು ಕಂಪ್ಯೂಟರ್ ಬರೆದಿಟ್ಟುಕೊಂಡಿದ್ದರೆ, "ನಮಗೆ ತಿಳಿದೇ ಇರಲಿಲ್ಲ" ಎಂದು ನಾಳೆ ಯಾವ ಆಡಳಿತದವರೂ ಹೇಳುವಂತಿಲ್ಲ. ಈ ಮಟ್ಟಿಗೆ ಕಂಪ್ಯೂಟರ್ ಕೆಲಸಗಾರನ ಸಾಕ್ಷಿ.

ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. ಕೋಲಾರದ ಚಿನ್ನದ ಗಣಿಯನ್ನು ನೆನೆಸಿಕೊಳ್ಳಿ. ಅಲ್ಲಿ ನೆಲದೊಳಗೆ ಮೂರು ಕಿಲೋಮೀಟರಿಗೂ ಕೆಳಗೆ ಇಳಿದು ಕೆಲಸ ಮಾಡುತ್ತಿದ್ದರು. ಮೇಲಿನ ಬೆಟ್ಟದಷ್ಟು ಭಾರಕ್ಕೆ ಬಂಡೆ ಒಮ್ಮೆಗೇ ಸಿಡಿಯುತ್ತಿತ್ತು, ಸುರಂಗ ಮುಚ್ಚಿಹೋಗುತ್ತಿತ್ತು. ಹಳೆಯ ಗಣಿಗಾರರು ಬಂಡೆಯ ಸದ್ದು ಕೇಳಿ ಅಪಾಯವನ್ನು ಊಹಿಸುತ್ತಿದ್ದರು. 1970ರ ದಶಕದ ಕೊನೆಗೆ ಚಾಂಪಿಯನ್ ರೀಫ್ ಗಣಿಯ ಸುತ್ತ ನೆಲದ ನಡುಕ ಹಿಡಿಯುವ ಸೂಕ್ಷ್ಮ ಉಪಕರಣಗಳ ಜಾಲವನ್ನೇ ಹೂಡಿದರು. ಸಿಡಿತ ಎಲ್ಲಿ ಆಯಿತು, ಎಷ್ಟು ಜೋರಾಗಿ ಆಯಿತು ಎಂಬುದು ಗುರುತಾಗತೊಡಗಿತು. 2001ರಲ್ಲಿ ಗಣಿ ಮುಚ್ಚಿತು, ಆ ಮಾತು ಬೇರೆ. ಆದರೆ ಅದೇ ಗಣಿಯಲ್ಲಿ ಕಲ್ಲಿನ ದೂಳು ಎಷ್ಟೋ ಜನರ ಶ್ವಾಸಕೋಶ ತಿಂದುಹಾಕಿತು. ಬಂಡೆ ಸಿಡಿದರೆ ಸದ್ದಾಗುತ್ತದೆ, ಉಪಕರಣಕ್ಕೆ ಕೇಳುತ್ತದೆ. ಎದೆಯೊಳಗೆ ಕೂತ ದೂಳಿಗೆ ಸದ್ದಿಲ್ಲ. ಇಂದು ನಮ್ಮ ಜಿಲ್ಲೆಯ ಫೌಂಡ್ರಿಗಳಲ್ಲಿ ಮರಳು ಜಾಡಿಸುವವನ ಕಥೆಯೂ ಇಷ್ಟೆ. ಅವನ ಎದೆಯ ಎಕ್ಸ್‌ರೇ ಯಾವ ಬೋರ್ಡಿನ ಮೇಲೂ ಬರುವುದಿಲ್ಲ.

ಬೋರ್ಡು ಎಂದೆನಲ್ಲ. ಎಷ್ಟೋ ಕಾರ್ಖಾನೆಗಳ ಗೇಟಿನಲ್ಲಿ ಒಂದು ಬೋರ್ಡಿರುತ್ತದೆ. "ಅಪಘಾತವಿಲ್ಲದೆ ಕಳೆದ ದಿನಗಳು" ಎಂದು ಬರೆದು ಮುಂದೆ ಒಂದು ಅಂಕಿ. ಈಗ ಅದು ದೀಪದಲ್ಲಿ ಹೊಳೆಯುತ್ತದೆ. ಆ ಅಂಕಿ ಹೇಗೆ ಹುಟ್ಟುತ್ತದೆ ನೋಡೋಣ. ಅಂಗಡಿಕಾರ ಗೆಳೆಯರು ಗಮನವಿಟ್ಟು ಕೇಳಬೇಕು, ಏಕೆಂದರೆ ಈ ಲೆಕ್ಕ ನಿಮ್ಮದೇ.

ನಿಮ್ಮಲ್ಲಿ ಕಿರ್ದಿ ಬೇರೆ, ಖಾತೆ ಬೇರೆ. ಅಂದಂದಿನ ವ್ಯಾಪಾರವನ್ನು ಆದ ಹಾಗೇ ಬರೆಯುವುದು ಕಿರ್ದಿ. ಅದರಿಂದ ತೆಗೆದು ವಿಂಗಡಿಸಿ ಕಟ್ಟುವುದು ಖಾತೆ. ಕಿರ್ದಿಯಲ್ಲಿ ಬರೆಯದ ಸಾಲ ಖಾತೆಯಲ್ಲಿ ಕಾಣುವುದುಂಟೇ? ಕಂಪ್ಯೂಟರ್ ಎಂಬುದು ಬಲು ಚುರುಕಾದ ಖಾತೆ ಗುಮಾಸ್ತ. ಕೂಡುತ್ತಾನೆ, ಕಳೆಯುತ್ತಾನೆ, ಬಣ್ಣದ ನಕ್ಷೆ ಬರೆಯುತ್ತಾನೆ, ಸಂಬಳ ಕೇಳುವುದಿಲ್ಲ. ಆದರೆ ಕಿರ್ದಿ ಬರೆಯುವವನು ಅವನಲ್ಲ. ಕುಲುಮೆಯ ಬಳಿ ಆದದ್ದನ್ನು ಮೊದಲು ಬರೆಯುವವನು ಸೂಪರ್‌ವೈಸರನೋ, ಕಂಟ್ರಾಕ್ಟರನ ಮೇಸ್ತ್ರಿಯೋ ಆಗಿರುತ್ತಾನೆ. ಅಪಘಾತ ಹೆಚ್ಚಾದರೆ ಪ್ರಶ್ನೆ ಬರುವುದು ಅವನ ಮೇಲೇ. ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆಯಲು ಯಾರು ಒಪ್ಪುತ್ತಾರೆ?

ಹಳೆಯ ಅಭ್ಯಾಸ ಬಿಟ್ಟಿಲ್ಲ, ಒಂದು ಲೆಕ್ಕ ಹಾಕುತ್ತೇನೆ. ಒಂದು ಕಾರ್ಖಾನೆಯಲ್ಲಿ 500 ಜನ ಖಾಯಂ ಕೆಲಸಗಾರರು. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ. ಒಟ್ಟು 12 ಲಕ್ಷ ಗಂಟೆ ಕೆಲಸ. ವರ್ಷದಲ್ಲಿ 6 ಜನಕ್ಕೆ ಕೆಲಸಕ್ಕೆ ಬರಲಾಗದಂಥ ಗಾಯ. ನಮ್ಮಲ್ಲಿ ರೂಢಿಯ ಲೆಕ್ಕ 10 ಲಕ್ಷ ಗಂಟೆಗೆ ಎಷ್ಟು ಗಾಯ ಎಂಬುದು. ಹಾಗಾದರೆ ದರ 5. ಈಗ ಆ ಆರು ಜನರಲ್ಲಿ ಇಬ್ಬರನ್ನು ಮಾರನೆಯ ದಿನವೇ ಕಾರಿನಲ್ಲಿ ಕರೆಸಿ, ಆಫೀಸಿನ ಕುರ್ಚಿಯ ಮೇಲೆ ಕೂರಿಸಿ, ಹಾಜರಿ ಹಾಕಿಸಿಬಿಡಿ. ಕೈಗೆ ಪಟ್ಟಿ ಇದ್ದರೂ ಅವರು "ಕೆಲಸಕ್ಕೆ ಬಂದರು". 48 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಕೆಲಸ ಮಾಡಲಾಗದಂಥ ಗಾಯವಾದರೆ ಸರ್ಕಾರಕ್ಕೆ ವರದಿ ಕೊಡಬೇಕೆಂದು 1948ರ ಕಾರ್ಖಾನೆ ಕಾಯಿದೆ ಹೇಳುತ್ತಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದಿರುವ 2020ರ ಸುರಕ್ಷತಾ ಸಂಹಿತೆಯೂ ಅದನ್ನೇ ಹೇಳುತ್ತದೆ. ಕುರ್ಚಿಯ ಮೇಲೆ ಕೂತವನು ಆ ಲೆಕ್ಕದಿಂದ ಜಾರಿದ. ಗಾಯ 4, ದರ 3.33. ಇನ್ನೂ ಒಂದು ಉಪಾಯವಿದೆ. ಅದೇ ಕಾರ್ಖಾನೆಯಲ್ಲಿ ಕಂಟ್ರಾಕ್ಟಿನವರು ಇನ್ನೂ 500 ಮಂದಿ. ಅವರು ದುಡಿದ 12 ಲಕ್ಷ ಗಂಟೆಯನ್ನು ನಮ್ಮ ಲೆಕ್ಕಕ್ಕೆ ಸೇರಿಸಿ, ಅವರಿಗಾದ ಗಾಯವನ್ನು ಕಂಟ್ರಾಕ್ಟರನ ಪುಸ್ತಕದಲ್ಲೇ ಬಿಡಿ. 24 ಲಕ್ಷ ಗಂಟೆಗೆ 4 ಗಾಯ. ದರ 1.67. ಐದು ಇದ್ದದ್ದು ಎರಡಕ್ಕೂ ಕೆಳಗೆ ಇಳಿಯಿತು. ಒಂದು ಕಂಬಿಯನ್ನೂ ಬಿಗಿಮಾಡಲಿಲ್ಲ, ಒಂದು ಚಕ್ರಕ್ಕೂ ಕವಚ ಹಾಕಲಿಲ್ಲ. ಕಂಪ್ಯೂಟರ್ ಇದನ್ನು ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಅದರ ತಪ್ಪೇನಿದೆ ಹೇಳಿ.

ಎಲ್ಲ ಕಾರ್ಖಾನೆಯಲ್ಲೂ ಹೀಗೇ ನಡೆಯುತ್ತದೆಂದು ನಾನು ಹೇಳುತ್ತಿಲ್ಲ. ಹೀಗೆ ನಡೆಸಲು ಬರುತ್ತದೆ ಎಂದು ಹೇಳುತ್ತಿದ್ದೇನೆ. ನಡೆದರೆ ನಷ್ಟ ಯಾರಿಗೆ? ನನ್ನ ಕೈಯಲ್ಲಿ ಮಗ್ಗಿ ಕಲಿತ ಹುಡುಗನೊಬ್ಬ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದ. ಹೆಸರು ಬೇಡ, ಶೆಡ್ಡಿನ ಹೆಸರೂ ಬೇಡ. ಪ್ರೆಸ್ಸಿನಲ್ಲಿ ಬಲಗೈಯ ಎರಡು ಬೆರಳು ಹೋದವು. ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಅವನಿಗೆ ಪಾಠ ಹೇಳಿಕೊಟ್ಟರು: ಬೈಕಿನ ಚೈನಿಗೆ ಸಿಕ್ಕಿತು ಅನ್ನು, ಖರ್ಚೆಲ್ಲ ನಾವು ನೋಡಿಕೊಳ್ಳುತ್ತೇವೆ. ಹುಡುಗ ಹಾಗೇ ಹೇಳಿದ. ಮೂರು ತಿಂಗಳು ನೋಡಿಕೊಂಡರು. ಆಮೇಲೆ ನೋಡಲಿಲ್ಲ. ಇ.ಎಸ್.ಐ.ನಲ್ಲಿ ಹೆಸರಿದ್ದ ಕೆಲಸಗಾರನಿಗೆ ಕೆಲಸದಲ್ಲಿ ಪೆಟ್ಟಾದರೆ ವಾಸಿಯಾಗುವವರೆಗೆ ಕೂಲಿಯ ಶೇಕಡ 90ರ ಲೆಕ್ಕದಲ್ಲಿ ಹಣ ಬರಬೇಕು. ಅಂಗ ಹೋದರೆ ಜೀವಮಾನವಿಡೀ ಪರಿಹಾರ ಬರಬೇಕು. ಆದರೆ ಬೈಕಿನ ಚೈನು ಕಾರ್ಖಾನೆಯ ಯಂತ್ರವಲ್ಲವಲ್ಲ! ಅವನು ನನ್ನ ಮನೆಗೆ ಬಂದು "ಸಾರ್, ಒಂದು ಅರ್ಜಿ ಬರೆದುಕೊಡಿ" ಎಂದು ಕೇಳಿದ. ಎಡಗೈಯಲ್ಲಿ ಸಹಿ ಕಲಿಯುತ್ತಿದ್ದ. ನಾನು ಬರೆದುಕೊಟ್ಟೆ. ಆಸ್ಪತ್ರೆಯ ಚೀಟಿಯಲ್ಲಿ ಅವನೇ ಹೇಳಿದ ಮಾತು ಅವನಿಗೇ ಎದುರಾಗಿ ನಿಂತಿತ್ತು. ಅರ್ಜಿ ನಡೆಯಲಿಲ್ಲ. ಒಂದು ಸಾಲು ತಪ್ಪಾಗಿ ಬರೆದದ್ದಕ್ಕೆ ಆ ಹುಡುಗ ಕೊಟ್ಟ ಬೆಲೆ ಅದು.

ಇನ್ನು ಹೆಲ್ಮೆಟ್ ಕ್ಯಾಮರಾದ ವಿಷಯ. ಅದು ಕೆಲಸಗಾರನ ತಲೆ ನೋಡುತ್ತದೆ. ಅವನ ತಲೆಯ ಮೇಲೆ ತೂಗುವ ಕ್ರೇನಿನ ಹಗ್ಗ ಎಷ್ಟು ಸವೆದಿದೆಯೆಂದು ನೋಡುವುದಿಲ್ಲ. ಈ ಚಾಳಿ ಇಂದಿನದಲ್ಲ. ಅಮೆರಿಕದಲ್ಲಿ ಹೈನ್‌ರಿಚ್ ಎಂಬ ವಿಮಾ ಕಂಪನಿಯ ಅಧಿಕಾರಿ 1931ರಲ್ಲಿ ಒಂದು ಪುಸ್ತಕ ಬರೆದ. 75,000 ಅಪಘಾತಗಳ ಕಾಗದ ನೋಡಿ, ನೂರಕ್ಕೆ 88 ಕೆಲಸಗಾರನ ತಪ್ಪಿನಿಂದಲೇ ಆದವು ಎಂದ. ಆ ಅಂಕಿ ಜಗತ್ತೆಲ್ಲ ಸುತ್ತಿತು. ಅವನು ನೋಡಿದ ಕಾಗದಗಳು ವಿಮೆಯ ಕ್ಲೇಮುಗಳು ಮತ್ತು ಮಾಲೀಕರ ದಾಖಲೆಗಳು. ಸೂಪರ್‌ವೈಸರ್ ಬರೆದ ಕಾಗದದಲ್ಲಿ ಸೂಪರ್‌ವೈಸರನ ತಪ್ಪು ಸಿಗುತ್ತದೆಯೇ? ಅದೇ ಮನುಷ್ಯ ಇನ್ನೊಂದು ಒಳ್ಳೆಯ ಮಾತನ್ನೂ ಹೇಳಿದ. ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ, ಅದರ ಹಿಂದೆ ಗಾಯವೇ ಆಗದೆ ಕೂದಲೆಳೆಯಲ್ಲಿ ತಪ್ಪಿದ 300 ಘಟನೆ ಇರುತ್ತವೆ ಎಂದ. ಈ ಅಂಕಿಗಳನ್ನು ಆಮೇಲೆ ಬಹಳ ಮಂದಿ ಒಪ್ಪಲಿಲ್ಲ, ನೀವೂ ಪಂಚಾಂಗದಂತೆ ನಂಬಬೇಕಾಗಿಲ್ಲ. ಆದರೆ ತಪ್ಪಿದ ಘಟನೆಗಳನ್ನು ಬರೆದಿಡಿ, ದೊಡ್ಡದು ಬರುವ ದಾರಿ ಅದರಲ್ಲಿ ಕಾಣಬಹುದು ಎಂಬ ಬುದ್ಧಿ ಸರಿಯಾದದ್ದು. ಇಂದಿನ ಕಂಪ್ಯೂಟರ್ ಏರ್ಪಾಡಿನ ಬೇರು ಇದರಲ್ಲೇ ಇದೆ.

ಸಣ್ಣ ಗಾಯ ಕಡಿಮೆಯಾದ ಮಾತ್ರಕ್ಕೆ ದೊಡ್ಡ ಗಂಡಾಂತರ ತಪ್ಪಿತೆಂದು ತಿಳಿಯುವುದೂ ಮೋಸವೇ. ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಕಂಪನಿಯ ಎಣ್ಣೆ ಶುದ್ಧಿ ಕಾರ್ಖಾನೆ ಇತ್ತು. ಅಂಕಿ ಅಂಶಗಳಿಗೆ ಅಲ್ಲಿ ಬಡತನವಿರಲಿಲ್ಲ. ಗಾಯಗಳ ದರವೂ ಹಿಂದಿನ ವರ್ಷ ಚೆನ್ನಾಗಿಯೇ ಇತ್ತು. 2005ರ ಮಾರ್ಚ್ 23ರಂದು ಒಂದು ಗೋಪುರದೊಳಗೆ ದ್ರವ ಏರುತ್ತಲೇ ಹೋಯಿತು. ಕಂಟ್ರೋಲ್ ರೂಮಿನ ಪರದೆಯ ಮೇಲೆ ಅದು ಇಳಿಯುತ್ತಿದೆ ಎಂದು ಕಾಣುತ್ತಿತ್ತು. ಮಾಪಕ ಕೆಟ್ಟಿತ್ತು, ಎಚ್ಚರಿಕೆಯ ಗಂಟೆಗಳಲ್ಲಿ ಒಂದು ಹೊಡೆಯಲಿಲ್ಲ. ಉಕ್ಕಿ ಹೊರಬಿದ್ದು ಸಿಡಿಯಿತು. 15 ಜನ ಸತ್ತರು. ಹದಿನೈದು ಮಂದಿಯೂ ಕಂಟ್ರಾಕ್ಟಿನವರು, ಹತ್ತಿರದಲ್ಲೇ ನಿಲ್ಲಿಸಿದ್ದ ತಾತ್ಕಾಲಿಕ ಆಫೀಸುಗಳ ಒಳಗೂ ಸುತ್ತಲೂ ಇದ್ದವರು. ಜಾರಿ ಬಿದ್ದವರ, ಬೆರಳು ಕೊಯ್ದುಕೊಂಡವರ ಲೆಕ್ಕದಿಂದ ಗೋಪುರ ಸಿಡಿಯುವುದು ತಿಳಿಯದು ಎಂದು ಆಮೇಲೆ ವಿಚಾರಣೆ ನಡೆಸಿದವರು ಬರೆದರು.

ಅಮೆರಿಕ ದೂರವಾಯಿತೆನ್ನುವಿರಾದರೆ ನಮ್ಮ ಹುಣಸೋಡು ದೂರವಲ್ಲ. 2021ರ ಜನವರಿ 21ರ ರಾತ್ರಿ ನೀವೆಲ್ಲ ಎದ್ದು ಹೊರಗೆ ಓಡಿಬಂದದ್ದು ಮರೆತಿಲ್ಲವಷ್ಟೆ? ಕಿಟಕಿ ಗಾಜು ಅದುರಿತು, ಭೂಕಂಪವೆಂದೇ ಎಲ್ಲರೂ ತಿಳಿದರು. ಭೂಕಂಪ ಮಾಪಕಗಳನ್ನು ನೋಡಿ, ಇದು ಭೂಕಂಪವಲ್ಲ ಎಂದು ಬಲ್ಲವರು ಬೇಗನೇ ಹೇಳಿದರು. ಕಲ್ಲು ಕ್ವಾರಿಯ ಬಳಿ ಜಿಲೆಟಿನ್ ತುಂಬಿದ ಲಾರಿ ಸಿಡಿದಿತ್ತು. ಕನಿಷ್ಠ ಐದು ಜನ ಸತ್ತರು. ಉಪಕರಣಗಳು ತಮ್ಮ ಕೆಲಸ ಮಾಡಿದವು. ಆದರೆ ಆ ರಾತ್ರಿ ಅಲ್ಲಿ ಎಷ್ಟು ಜನ ಇದ್ದರು? ಯಾವ ಊರಿನವರು? ಮೊದಲ ದಿನ ಒಬ್ಬರು ಒಂದು ಸಂಖ್ಯೆ ಹೇಳಿದರು, ಇನ್ನೊಬ್ಬರು ಇನ್ನೊಂದು. ಒಂದೇ ತಿಂಗಳ ಮೇಲೆ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ನಿಂದಲೇ ಮತ್ತೆ ಆರು ಜನ ಹೋದರು. ನೆಲ ಎಷ್ಟು ನಡುಗಿತೆಂದು ಅಳೆಯಲು ದೇಶಕ್ಕೆ ಬರುತ್ತದೆ. ನೆಲದ ಮೇಲೆ ಎಷ್ಟು ಜನ ದುಡಿಯುತ್ತಿದ್ದರೆಂದು ಹೇಳಲು ಬರುವುದಿಲ್ಲ.

ದೇಶದ ನೋಂದಣಿಯಾದ ಕಾರ್ಖಾನೆಗಳಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಕೆಲಸಗಾರರು ಸಾಯುತ್ತಾರೆಂದು ಸರ್ಕಾರದ ಅಂಕಿಗಳೇ ಹೇಳಿವೆ. "ನೋಂದಣಿಯಾದ" ಎಂಬ ಮಾತನ್ನು ಗಮನಿಸಿ. ಹೊಸ ಸಂಹಿತೆಯಲ್ಲಿ ಕಾರ್ಖಾನೆ ಎನಿಸಿಕೊಳ್ಳಬೇಕಾದರೆ ವಿದ್ಯುತ್ ಬಳಸುವ ಕಡೆ 20 ಜನ ಬೇಕು. ಹಿಂದೆ 10 ಸಾಕಾಗಿತ್ತು. ಹತ್ತು ಜನರಿರುವ ಕೆಲಸದ ಜಾಗ ಸಂಹಿತೆಯ ಹೊರಗೆ ಬೀಳುವುದಿಲ್ಲ ಎಂಬುದೂ ನಿಜ, ಆದರೆ ಕಾರ್ಖಾನೆಯ ಅಧ್ಯಾಯ ಅದಕ್ಕೆ ಹತ್ತುವುದಿಲ್ಲ. ಇನ್ಸ್‌ಪೆಕ್ಟರ್ ಈಗ ಸಲಹೆಗಾರನೂ ಹೌದಂತೆ. ಅವನು ಎಲ್ಲಿಗೆ ಹೋಗಬೇಕೆಂದು ಕಂಪ್ಯೂಟರೇ ಚೀಟಿ ಎತ್ತಿ ಹೇಳುವ ಪದ್ಧತಿ 2014ರಿಂದ ಬಂದಿದೆ. ಲಂಚದ ಕಾಟ ತಪ್ಪಲಿ ಎಂಬುದು ಅದರ ಸಮರ್ಥನೆ. ಅಂಗಡಿಕಾರ ಗೆಳೆಯರು ಅದನ್ನು ಮೆಚ್ಚಿದರೆ ನಾನು ತಪ್ಪು ಹೇಳಲಾರೆ, ಇನ್ಸ್‌ಪೆಕ್ಟರುಗಳ ಕಾಟ ಪಟ್ಟವರು ನೀವು. ಆದರೆ ಚೀಟಿ ಎತ್ತುವ ಡಬ್ಬಿಯಲ್ಲಿ ಹೆಸರೇ ಇಲ್ಲದ ಶೆಡ್ಡಿಗೆ ಯಾರು ಹೋಗುತ್ತಾರೆ?

ಈ ಊರಿನ ಸ್ಥಿತಿಯನ್ನೂ ನೋಡಿ ಮಾತಾಡಬೇಕು. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು, ಹೋರಾಟವಾಯಿತು, ಅದೇ ವರ್ಷ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಖಾಯಂ ಕೆಲಸದ ಮನೆಗಳಲ್ಲಿ ಬೆಳೆದ ಹುಡುಗರು ಈಗ ಕಂಟ್ರಾಕ್ಟಿನಲ್ಲಿ, ಶೆಡ್ಡಿನಲ್ಲಿ, ಕ್ರಷರಿನಲ್ಲಿ, ಮೊಬೈಲು ಹೇಳಿದ ಮನೆಗೆ ಊಟ ತಲಪಿಸುವ ಬೈಕಿನ ಮೇಲೆ ಇದ್ದಾರೆ. ಕೆಲಸ ಸಿಕ್ಕಿದ್ದೇ ಪುಣ್ಯ ಎನ್ನುವವನು ಅಪಾಯ ಕಂಡರೆ ಬಾಯಿ ಬಿಡುತ್ತಾನೆಯೇ? ಕಳೆದ ವಾರ ಒಬ್ಬರು ನನಗೆ ನೇರವಾಗಿಯೇ ಹೇಳಿದರು: "ಮೇಷ್ಟ್ರೇ, ಆ ಮೊಬೈಲಿನಲ್ಲಿ ದೂರು ಹಾಕಿದರೆ ನನ್ನ ಹೆಸರು, ನಂಬರು, ಹಾಕಿದ ಹೊತ್ತು ಎಲ್ಲ ಹೋಗುತ್ತೆ. ನಾಳೆ ಗೇಟ್ ಪಾಸು ಬರದೇ ಇದ್ದರೆ ನೀವು ಕೊಡಿಸ್ತೀರಾ?" ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಒಬ್ಬನಲ್ಲಿ ಇರುವುದೂ ಇಲ್ಲ. ಒಬ್ಬನ ಹೆಸರಿನಲ್ಲಿ ಹೋಗುವ ದೂರು ಇಪ್ಪತ್ತು ಜನರ ಹೆಸರಿನಲ್ಲಿ ಹೋದರೆ ಇಪ್ಪತ್ತು ಗೇಟ್ ಪಾಸು ತಡೆಯುವುದು ಕಷ್ಟ.

ಹೊಸ ಸಂಹಿತೆಯಲ್ಲಿ ನಮಗೆ ಹಿಡಿಯಲು ಒಂದೆರಡು ಕೊಂಬೆಗಳಿವೆ. ಕೆಲಸದ ಜಾಗದ ಆರೋಗ್ಯ, ಸುರಕ್ಷತೆಯ ವಿಷಯದಲ್ಲಿ ಮಾಲೀಕನಿಂದ ಮಾಹಿತಿ ಪಡೆಯುವ ಹಕ್ಕು ಕೆಲಸಗಾರನಿಗಿದೆ. ಪ್ರಾಣಕ್ಕೆ ಕೂಡಲೇ ಅಪಾಯವಿದೆಯೆಂದು ತೋರಿದರೆ ಮಾಲೀಕನ ಗಮನಕ್ಕೂ ಇನ್ಸ್‌ಪೆಕ್ಟರನ ಗಮನಕ್ಕೂ ತರುವ ಹಕ್ಕಿದೆ. ಸುರಕ್ಷತಾ ಸಮಿತಿ ರಚಿಸಿದ ಕಡೆ ಅದರಲ್ಲಿ ಕೆಲಸಗಾರರ ಪ್ರತಿನಿಧಿಗಳ ಸಂಖ್ಯೆ ಮಾಲೀಕನ ಪ್ರತಿನಿಧಿಗಳಿಗಿಂತ ಕಡಿಮೆಯಿರಕೂಡದು. ನಿಮ್ಮಲ್ಲಿ ಸಮಿತಿಯಿದ್ದರೆ ಮುಂದಿನ ಸಭೆಯಲ್ಲಿ ಕೇಳಿ: ಬೋರ್ಡಿನ ಮೇಲಿನ ಅಂಕಿಯಲ್ಲಿ ಕಂಟ್ರಾಕ್ಟಿನವರ ಗಾಯ ಸೇರಿದೆಯೋ ಇಲ್ಲವೋ? ಕುರ್ಚಿಯ ಮೇಲೆ ಕೂರಿಸಿದವರೆಷ್ಟು? ಕಂಪ್ಯೂಟರಿಗೆ ಹೋದ ವರದಿಯನ್ನು ಗಾಯಗೊಂಡವನಿಗೆ ಕನ್ನಡದಲ್ಲಿ ಓದಿ ಹೇಳಿ, ಅವನ ಸಹಿ ಪಡೆದು, ಪ್ರತಿ ಕೊಟ್ಟಿದ್ದೀರಾ? ಪರದೆಯನ್ನು ಆಫೀಸಿನೊಳಗೆ ಇಡುವ ಬದಲು ಊಟದ ಮನೆಯ ಗೋಡೆಗೆ ಏಕೆ ಹಾಕಬಾರದು? ಮಾಲೀಕರಲ್ಲೂ ಇದರಿಂದ ತಮಗೇ ಲಾಭವೆಂದು ಬಲ್ಲವರಿದ್ದಾರೆ. ಯಂತ್ರ ನಿಂತರೆ ನಷ್ಟ ಅವರಿಗೂ ಇದೆ.

ಸಮಿತಿ ಇಲ್ಲದವರು, ಶೆಡ್ಡಿನವರು, ಕ್ವಾರಿಯವರು ಏನು ಮಾಡಬೇಕು? ನಾನು ಅಂಗಡಿಯಿಂದ ಒಂದು ಉದ್ದ ಪುಸ್ತಕ ತಂದಿದ್ದೇನೆ. ಕಿರ್ದಿ ಪುಸ್ತಕವೇ, ಗೆರೆ ಹಾಕಿದ್ದು. ತಾರೀಕು, ಹೊತ್ತು, ಜಾಗ, ಏನಾಯಿತು, ಏನು ಆಗುವುದರಲ್ಲಿತ್ತು, ಯಾರಿಗೆ ತಿಳಿಸಿದೆವು, ಅವರು ಏನು ಮಾಡಿದರು ಎಂದು ಏಳು ಕಾಲಂ ಮಾಡಿದ್ದೇನೆ. ಬರೆದವರ ಹೆಸರಿಗೆ ಕಾಲಂ ಇಲ್ಲ. ಯಾರಿಗಾದರೂ ಪೆಟ್ಟಾದರೆ ಆಸ್ಪತ್ರೆಯ ಚೀಟಿ ಬರೆಸುವಾಗ ನಮ್ಮವರೊಬ್ಬರು ಪಕ್ಕದಲ್ಲಿ ನಿಂತಿರಲಿ, ಬೈಕಿನ ಚೈನು ಮತ್ತೆ ಬರದಿರಲಿ. ಆರು ತಿಂಗಳು ಬರೆದ ಮೇಲೆ ಇದನ್ನು ಕಂಪ್ಯೂಟರಿಗೆ ಹಾಕಿಕೊಡಲು ಇಲ್ಲಿನ ಇಬ್ಬರು ಕಾಲೇಜು ಹುಡುಗರು ಒಪ್ಪಿದ್ದಾರೆ. ಯಾವ ಜಾಗದಲ್ಲಿ, ಯಾವ ಪಾಳಿಯಲ್ಲಿ, ಯಾವ ಯಂತ್ರದ ಬಳಿ ಹೆಚ್ಚು ಎಂದು ಅದು ಹೇಳಲಿ. ಆಗ ನಮ್ಮ ಅಂಕಿಯನ್ನು ಅವರ ಅಂಕಿಯ ಪಕ್ಕದಲ್ಲಿಟ್ಟು ಮಾತಾಡೋಣ.

ಪುಸ್ತಕ ಬಾಗಿಲ ಬಳಿ ಮೇಜಿನ ಮೇಲಿದೆ. ಈ ವಾರ ಕಣ್ಣಾರೆ ಕಂಡದ್ದು ಏನಾದರೂ ಇದ್ದರೆ ಹೋಗುವ ಮುನ್ನ ಬರೆಯಿರಿ. ಬರೆಯಲು ಬಾರದವರು ಹೇಳಿ, ನಾನು ಬರೆದುಕೊಳ್ಳುತ್ತೇನೆ. ಬರೆದದ್ದನ್ನು ನಿಮಗೆ ಓದಿ ಹೇಳಿಯೇ ಪುಟ ತಿರುಗಿಸುತ್ತೇನೆ. ರಾತ್ರಿ ಪಾಳಿಯವರಿಗೆ ಹೊತ್ತಾಯಿತು, ಅವರು ಮೊದಲು ಬರಲಿ.